ಡಬ್ಬಿಯ ವಿಳಾಸ ಯಾರ ಕೈಯಲ್ಲಿದೆ?

ಫೋನನ್ನು ತಾರಸಿಯ ಮೇಲೆ ಅಲುಗದಂತೆ ಇಟ್ಟು, ಜಿಪಿಎಸ್ ತೋರಿಸುವ ಅಂಕಿಗಳನ್ನು ಹತ್ತು ನಿಮಿಷ ನೋಡುತ್ತ ಕೂರಿ. ಡಿಗ್ರಿ ಕದಲುವುದಿಲ್ಲ, ಮಿನಿಟೂ ಕದಲುವುದಿಲ್ಲ. ದಶಮಾಂಶದ ಮೂರನೆಯ ಅಂಕಿ ಮಾತ್ರ ಸುಮ್ಮನಿರದೆ ಒಂದೆರಡು ಮನೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಅಕ್ಷಾಂಶದ ಒಂದು ಮಿನಿಟಿನಲ್ಲಿ ಸಾವಿರದ ಒಂದು ಪಾಲೆಂದರೆ ನೆಲದ ಮೇಲೆ ಸುಮಾರು 1.85 ಮೀಟರ್. ಫೋನ್ ಇಟ್ಟಲ್ಲೇ ಇದ್ದರೂ ಅದರ ಲೆಕ್ಕ ತಾರಸಿಯ ಈ ಮೂಲೆಯಿಂದ ಆ ಮೂಲೆಗೆ ಓಡಾಡುತ್ತಿದೆ.

ಈ ಓಡಾಟ ಒಮ್ಮೆ ಇನ್ನೂ ದೊಡ್ಡದಿತ್ತು. ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಅಮೆರಿಕ ಸರ್ಕಾರ ಬೇಕೆಂದೇ ಕೆಡಿಸಿ ಕಳಿಸುತ್ತಿತ್ತು. ತಪ್ಪು ನೂರು ಮೀಟರಿನಷ್ಟಾಗುತ್ತಿತ್ತು. 2000ದ ಮೇ ಮೊದಲ ವಾರ ಅದನ್ನು ನಿಲ್ಲಿಸಿದರು. ಮೇ 3ರಂದೇ ಡೇವ್ ಅಲ್ಮರ್ ಎಂಬವರು ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ ಅಡಗಿಸಿ, ಅದರ ಅಕ್ಷಾಂಶ ರೇಖಾಂಶಗಳನ್ನು ಅಂತರಜಾಲದಲ್ಲಿ ಸಾರಿದರು. ಮೂರು ದಿನದೊಳಗೆ ಮೈಕ್ ಟೀಗ್ ಅದನ್ನು ಹುಡುಕಿ ತೆಗೆದರು. ಜಿಯೋಕ್ಯಾಶಿಂಗ್ ಹುಟ್ಟಿದ್ದು ಹೀಗೆ. ಅಡಗಿಸಿದ ಡಬ್ಬಿಯನ್ನು ಹುಡುಕಬೇಕು, ಒಳಗಿನ ಪುಟ್ಟ ಪುಸ್ತಕದಲ್ಲಿ ಹೆಸರು ಬರೆಯಬೇಕು, ಇದ್ದಲ್ಲೇ ಇಟ್ಟು ಬರಬೇಕು.

ಆಟದ ಜೀವ ಇರುವುದು ಕೊನೆಯ ಹತ್ತು ಮೀಟರಿನಲ್ಲಿ. ಅಲ್ಲಿಯವರೆಗೆ ನೇರ ದಾರಿ ತೋರಿದ ಬಾಣ ಅಲ್ಲಿ ಗಿರಗಿರ ತಿರುಗತೊಡಗುತ್ತದೆ. ಯಂತ್ರ ಕೆಟ್ಟಿರುವುದಿಲ್ಲ. ಗುರಿಗಿರುವ ದೂರವೂ ಯಂತ್ರದ ತಪ್ಪೂ ಸಮಸಮ ಆದಾಗ, ಡಬ್ಬಿ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಹೇಳಲು ಅದಕ್ಕೆ ಆಧಾರವೇ ಉಳಿಯುವುದಿಲ್ಲ. ಅಡಗಿಸಿದವರ ಯಂತ್ರದ ತಪ್ಪೂ ಇದಕ್ಕೆ ಸೇರುತ್ತದೆ. ದಟ್ಟ ಮರಗಳ ಕೆಳಗಂತೂ ಹೇಳುವುದೇ ಬೇಡ. ಆಗ ಕೈಹಿಡಿಯುವುದು ‘ಬೇರಿನ ಕೆಳಗೆ’ ಎಂಬಂಥ ಸುಳಿವು, ಕಳೆದ ತಿಂಗಳು ಬಂದವರು ‘ಸಿಗಲಿಲ್ಲ’ ಎಂದು ಬರೆದ ಒಂದು ಸಾಲು. ಅಂಕಿಗಳ ಜೊತೆ ಈ ಮಾತುಗಳನ್ನೂ ಕಾಪಾಡಿಡುವುದು ಡಬ್ಬಿಗಳ ಪಟ್ಟಿ ಇಡುವ ಜಾಲತಾಣದ ಕೆಲಸ. ತಾಣಗಳನ್ನು ಹೋಲಿಸುವಾಗ ನಾನು ಮೊದಲು ನೋಡುವುದೂ ಇದನ್ನೇ.

ಎಲ್ಲಕ್ಕಿಂತ ದೊಡ್ಡದು ಜಿಯೋಕ್ಯಾಶಿಂಗ್ ಡಾಟ್ ಕಾಮ್. 2000ದ ಸೆಪ್ಟೆಂಬರಿನಲ್ಲಿ ಜೆರೆಮಿ ಐರಿಷ್ ಇದನ್ನು ತೆರೆದಾಗ ಪಟ್ಟಿಯಲ್ಲಿದ್ದದ್ದು 75 ಡಬ್ಬಿ. ಇಂದು 30 ಲಕ್ಷಕ್ಕೂ ಹೆಚ್ಚು. ಪ್ರತಿ ಹೊಸ ಡಬ್ಬಿಯನ್ನು ಸ್ವಯಂಸೇವಕರು ಪರಿಶೀಲಿಸಿದ ಮೇಲೆಯೇ ಪ್ರಕಟಿಸುತ್ತಾರೆ. ಎರಡು ಡಬ್ಬಿಗಳ ನಡುವೆ ಸಾಮಾನ್ಯವಾಗಿ 161 ಮೀಟರ್ ಅಂತರ ಬೇಕು. ಆದರೆ ಇದು ಖಾಸಗಿ ಕಂಪನಿಯ ತಾಣ, ಹಣ ಕಟ್ಟಿದವರಿಗಷ್ಟೇ ಕಾಣುವ ಡಬ್ಬಿಗಳೂ ಇವೆ.

ಇದಕ್ಕೆ ಪರ್ಯಾಯ ಹುಡುಕಿದವರು ಹಲವರು. 2004ರಲ್ಲಿ ಶುರುವಾದ ಟೆರಾಕ್ಯಾಶಿಂಗ್ ಗುಣಮಟ್ಟವನ್ನೇ ನೆಚ್ಚಿಕೊಂಡಿತು. ಹೊಸಬರಿಗೆ ಹಳಬರ ಬೆಂಬಲ ಬೇಕಿತ್ತು. ಒಳ್ಳೆಯ ಯೋಚನೆಯೇ, ಆದರೆ ಬಾಗಿಲು ಕಿರಿದಾದಷ್ಟೂ ಪಟ್ಟಿ ಚಿಕ್ಕದಾಗಿಯೇ ಉಳಿಯುತ್ತದೆ.

ನನ್ನ ಮನಸ್ಸು ವಾಲುವುದು 2005ರಲ್ಲಿ ಜರ್ಮನಿಯಲ್ಲಿ ಶುರುವಾದ ಓಪನ್‌ಕ್ಯಾಶಿಂಗ್ ಡಾಟ್ ಡಿಇ ಕಡೆಗೆ. ಎಲ್ಲವೂ ಉಚಿತ, ತಾಣದ ತಂತ್ರಾಂಶವೂ ಮುಕ್ತ. ಡಬ್ಬಿಗಳ ವಿವರ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿರುವುದರಿಂದ ಸಿ:ಜಿಯೋದಂಥ ಆ್ಯಪ್‌ಗಳೂ ಅದನ್ನು ತೆರೆದು ತೋರಿಸುತ್ತವೆ. ಡಬ್ಬಿಯೇ ಇಲ್ಲದ ಗುರಿಗಳಿಗೂ ಇಲ್ಲಿ ಜಾಗವುಂಟು: ಹೇಳಿದಲ್ಲಿಗೆ ಹೋಗಿ ಒಂದು ಪ್ರಶ್ನೆಗೆ ಉತ್ತರ ತಂದರೆ ಸಾಕು. ದೊಡ್ಡ ತಾಣ ಇಂಥ ಹೊಸ ಗುರಿಗಳಿಗೆ 2005ರಲ್ಲೇ ಬಾಗಿಲು ಹಾಕಿತ್ತು. ಆಮೇಲೆ ಕೊಟ್ಟ ಅವಕಾಶವೂ ಸೀಮಿತ. ನಮ್ಮ ಹಂಪಿಯನ್ನು ನೆನೆಸಿಕೊಳ್ಳಿ. ಅಲ್ಲಿನ ಕಲ್ಲಿನ ಸಂದಿಗೆ ಡಬ್ಬಿ ತುರುಕುವುದು ತಪ್ಪು. ಮಂಟಪದ ಕಂಬ ಎಷ್ಟೆಂದು ಎಣಿಸಿ ಬರುವುದರಿಂದ ಯಾರಿಗೂ ನಷ್ಟವಿಲ್ಲ.

ಕೊರತೆಯೂ ಇದೆ. ಪ್ರಕಟಣೆಗೆ ಮುನ್ನ ಪರಿಶೀಲನೆ ಇಲ್ಲದ್ದರಿಂದ ಹೊಣೆಯೆಲ್ಲ ಅಡಗಿಸಿದವರದ್ದು. ಜರ್ಮನಿಯ ಗಡಿ ದಾಟಿದರೆ ಡಬ್ಬಿಗಳು ಬಹಳ ವಿರಳ. ಮೊದಲ ಸಲ ಹುಡುಕ ಹೊರಟವರಿಗೆ ದೊಡ್ಡ ತಾಣವೇ ಸರಿ ಎನ್ನುವುದು ಇದರಿಂದಲೇ.

ಹೆಚ್ಚುಕಡಿಮೆ ಇದೇ ಹೆಸರಿನ ಇನ್ನೊಂದು ತಾಣವಿತ್ತು. ಜಿಪಿಎಸ್ ಉಪಕರಣ ತಯಾರಿಸುವ ಗಾರ್ಮಿನ್ ಕಂಪನಿ 2010ರಲ್ಲಿ ತೆರೆದ ಓಪನ್‌ಕ್ಯಾಶಿಂಗ್ ಡಾಟ್ ಕಾಮ್. 2015ರಲ್ಲಿ ಅದನ್ನು ಮುಚ್ಚಿದರು. ತಾಣ ಮುಚ್ಚಿದ ಮಾತ್ರಕ್ಕೆ ಮರದ ಪೊಟರೆಯಲ್ಲಿಟ್ಟ ಡಬ್ಬಿ ಎದ್ದು ಮನೆಗೆ ಬರುವುದಿಲ್ಲ. ಬೇರೆಲ್ಲೂ ವಿಳಾಸವಿಲ್ಲದ ಡಬ್ಬಿ ಅಂದಿನಿಂದ ಬರೀ ಕಸ.

ಅದಕ್ಕೇ, ನೀವು ಡಬ್ಬಿ ಇಡುವುದಾದರೆ ಎರಡು ತಾಣಗಳಲ್ಲಿ ಬರೆಸಿ. ಅನೇಕ ಜರ್ಮನ್ನರು ಹಾಗೆ ಮಾಡುತ್ತಾರೆ. ದೊಡ್ಡ ತಾಣದ ಸಂಕೇತ ‘ಜಿಸಿ’ಯಿಂದ ಶುರುವಾಗುತ್ತದೆ, ಜರ್ಮನ್ ತಾಣದ್ದು ‘ಓಸಿ’ಯಿಂದ. ಮಳೆಗೆ ಅಳಿಸದ ಶಾಯಿಯಲ್ಲಿ ಎರಡನ್ನೂ ಮುಚ್ಚಳದ ಒಳಮೈಗೆ ಬರೆದು, ಆಮೇಲೆ ಬಿಗಿಯಾಗಿ ಮುಚ್ಚಿ.