ಮಲಗಿರುವ ಕ್ಷಯ: ಹುಡುಕುವ ಖರ್ಚು ಎಲ್ಲಿ ಗಿಟ್ಟುತ್ತದೆ?

ಕಬ್ಬಿನ ಕಟಾವು ಶುರುವಾಯಿತೆಂದರೆ ತುಬಚಿ, ಜಮಖಂಡಿ, ಮುಧೋಳ ಸೀಮೆಯ ಹೊಲದಂಚಿನಲ್ಲಿ ಗುಡಿಸಲುಗಳು ಏಳುತ್ತವೆ. ಮಹಾರಾಷ್ಟ್ರದ ಬರದ ನಾಡಿನಿಂದ ಮುಕಾದಮನ ಕೈಯಲ್ಲಿ ಮುಂಗಡ ಪಡೆದು ಗ್ಯಾಂಗುಗಳು ಬರುತ್ತವೆ. ಇತ್ತ ಬಾಗಲಕೋಟೆ ಜಿಲ್ಲೆಯ ಕೂಲಿಗಳು ಗೋವಾ, ಮಂಗಳೂರಿನ ಹಾದಿ ಹಿಡಿಯುತ್ತಾರೆ. ಇವರೆಲ್ಲರ ಮೈಯಲ್ಲಿ ಅಡಗಿರಬಹುದಾದ ಕ್ಷಯವನ್ನು ಮೊದಲೇ ಹುಡುಕಿ ಔಷಧಿ ಕೊಟ್ಟರೆ ಹೇಗೆ? ಪ್ರಶ್ನೆ ಸರಳ, ಲೆಕ್ಕ ಮಾತ್ರ ತೊಡಕಿನದು.

ಸುಪ್ತ ಕ್ಷಯವೆಂದರೆ ರೋಗಾಣು ದೇಹದಲ್ಲಿದ್ದೂ ಮಲಗಿರುವ ಸ್ಥಿತಿ. ಕೆಮ್ಮಿಲ್ಲ, ಜ್ವರವಿಲ್ಲ, ಇನ್ನೊಬ್ಬರಿಗೆ ಹರಡುವುದೂ ಇಲ್ಲ. 2019-21ರ ರಾಷ್ಟ್ರೀಯ ಸಮೀಕ್ಷೆಯಂತೆ ಭಾರತದಲ್ಲಿ 15 ವರ್ಷ ದಾಟಿದವರಲ್ಲಿ ಶೇ 31ರಷ್ಟು ಮಂದಿಗೆ ಈ ಸೋಂಕಿದೆ. ಅವರಲ್ಲಿ ಜೀವಮಾನದಲ್ಲಿ ರೋಗಿಗಳಾಗುವವರು ಶೇ 5ರಿಂದ 10 ಮಾತ್ರ. ಅರೆಹೊಟ್ಟೆ, ಸಕ್ಕರೆ ಕಾಯಿಲೆ ಇದ್ದರೆ ಅಪಾಯ ಹೆಚ್ಚು.

ಬ್ರಿಟನ್ ದೀರ್ಘಾವಧಿ ವೀಸಾ ಕೇಳುವ ಭಾರತೀಯರಿಗೆ 2012ರಿಂದ ಎದೆಯ ಎಕ್ಸ್‌ರೇ ಕಡ್ಡಾಯ ಮಾಡುತ್ತ ಬಂತು. ಎಕ್ಸ್‌ರೇಗೆ ಎದ್ದ ರೋಗ ಕಾಣುತ್ತದೆ, ಮಲಗಿದ್ದು ಕಾಣುವುದಿಲ್ಲ. ಆದ್ದರಿಂದ ಇಂಗ್ಲೆಂಡ್ 2015ರಲ್ಲಿ, ಲಕ್ಷಕ್ಕೆ 150ಕ್ಕಿಂತ ಹೆಚ್ಚು ಕ್ಷಯವಿರುವ ದೇಶಗಳಿಂದ ಹೊಸದಾಗಿ ಬಂದ 16ರಿಂದ 35 ವಯಸ್ಸಿನವರಿಗೆ ರಕ್ತಪರೀಕ್ಷೆ ಆರಂಭಿಸಿತು. ಬೆಂಗಳೂರಿನಿಂದ ಹೋದ ನರ್ಸ್, ವಿದ್ಯಾರ್ಥಿಗಳೂ ಇದರಲ್ಲಿ ಸೇರಿದರು. ಅಲ್ಲಿ ಈ ಖರ್ಚು ಗಿಟ್ಟುತ್ತದೆ. ಕ್ಷಯ ವಿರಳವಾದ ಆ ನಾಡಿನಲ್ಲಿ ಒಮ್ಮೆ ಔಷಧಿ ಮುಗಿಸಿದವರಿಗೆ ಮತ್ತೆ ಸೋಂಕು ತಗಲುವ ಸಂಭವ ಕಡಿಮೆ.

ಅದೇ ಲೆಕ್ಕವನ್ನು ಕಬ್ಬಿನ ಹೊಲಕ್ಕೆ ತನ್ನಿ. ಸಾವಿರ ಜನರನ್ನು ಪರೀಕ್ಷಿಸಿದರೆ ಸುಮಾರು 310 ಮಂದಿಗೆ ಸೋಂಕು. ರೋಗಿಗಳಾಗುವವರು ಅವರಲ್ಲಿ 15ರಿಂದ 30. ಉಳಿದವರು ನುಂಗುವ ಮಾತ್ರೆ ವ್ಯರ್ಥ. ಮಾತ್ರೆ ಮುಗಿಸಿದವರೂ ಅದೇ ಗುಡಿಸಲಿಗೆ, ಅದೇ ಸೋಂಕಿನ ಗಾಳಿಗೆ ಮರಳಬೇಕು. ಮಾಂಟೂ ಚುಚ್ಚುಮದ್ದಿನ ಫಲ ನೋಡಲು 48ರಿಂದ 72 ಗಂಟೆ ಕಾಯಬೇಕು. ಅಷ್ಟರಲ್ಲಿ ಗ್ಯಾಂಗು ಮುಂದಿನ ಊರಿಗೆ ಹೋಗಿದ್ದರೆ?

ಅಗ್ಗದ ದಾರಿಯ ಪಾಠ ಕರ್ನಾಟಕದಲ್ಲೇ ಇದೆ. ಬೆಂಗಳೂರಿನಲ್ಲಿ 1959ರಲ್ಲಿ ಹುಟ್ಟಿದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ 1960ರ ದಶಕದ ಆರಂಭದಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳನ್ನು ಸುತ್ತಿದರು. ಕ್ಷಯವಿದ್ದವರಲ್ಲಿ ಅರ್ಧದಷ್ಟು ಮಂದಿ ಚಿಕಿತ್ಸೆ ಅರಸಿ ತಾವೇ ಹೊರಟಿದ್ದರು! ಬಾಗಿಲಿಗೆ ಬಂದ ಕೆಮ್ಮಿನವರ ಕಫ ನೋಡಿದರೇ ಬಹುಪಾಲು ಕೆಲಸವಾಗುತ್ತದೆಂಬುದು ಆಗ ಹೊರಬಿದ್ದ ಸಂಗತಿ. ಭಾರತದ 2021ರ ಮಾರ್ಗಸೂಚಿಯೂ ಎಲ್ಲರನ್ನೂ ಪರೀಕ್ಷಿಸಿ ಎನ್ನುವುದಿಲ್ಲ. ರೋಗಿಯ ಮನೆಮಂದಿ, ಎಚ್ಐವಿ ಸೋಂಕಿತರಂಥವರಿಗೆ ಮೊದಲ ಆದ್ಯತೆ. ಗುಡಿಸಲಿನಲ್ಲಿ ಒಬ್ಬರಿಗೆ ರೋಗವಿದ್ದರೆ ಪಕ್ಕದಲ್ಲಿ ಮಲಗುವವರನ್ನೂ ಮನೆಮಂದಿಯೆಂದೇ ಎಣಿಸುವುದು ಲೇಸು. ವಾರಕ್ಕೊಮ್ಮೆಯಂತೆ 12 ವಾರ ನುಂಗುವ ಹೊಸ ಮಾತ್ರೆಗಳು ಕಟಾವಿನ ಹಂಗಾಮಿನೊಳಗೇ ಮುಗಿಯುತ್ತವೆ. ಹಳೆಯ ಆರು ತಿಂಗಳ ಚಿಕಿತ್ಸೆಗೆ ಈ ಅನುಕೂಲವಿರಲಿಲ್ಲ.

ಸರ್ಕಾರಿ ಲೆಕ್ಕದಲ್ಲಿ ಕಾಣದ ಖರ್ಚೊಂದಿದೆ. ಕಟಾವಿನಲ್ಲಿ ಗಂಡ ಹೆಂಡತಿ ಸೇರಿದರೆ ಒಂದು 'ಕೊಯ್ತಾ'. ಒಬ್ಬರು ಹಾಸಿಗೆ ಹಿಡಿದರೆ ಇಬ್ಬರ ದುಡಿಮೆಯೂ ಮುರಿಯುತ್ತದೆ, ಮುಂಗಡದ ಸಾಲ ಮುಂದಿನ ವರ್ಷಕ್ಕೆ ಉರುಳುತ್ತದೆ. ಜಮಖಂಡಿಯಲ್ಲಿ ಶುರುವಾದ ಚಿಕಿತ್ಸೆಯನ್ನು 'ನಿಕ್ಷಯ' ಸಂಖ್ಯೆಯ ಮೇಲೆ ಬೇರೆ ರಾಜ್ಯದಲ್ಲೂ ಮುಂದುವರಿಸಬಹುದು. ಆದರೆ ಗ್ಯಾಂಗು ಯಾವ ದಿನ ಹೊರಡುತ್ತದೆಂದು ಆಸ್ಪತ್ರೆಗೆ ಮೊದಲೇ ತಿಳಿಯಬೇಕು. ಅದು ಗೊತ್ತಿರುವುದು ಮುಕಾದಮನಿಗೆ.