ಕೃಷ್ಣೆಯ ದಂಡೆಯ ಗೆಳೆಯನ ಮನೆಯಲ್ಲಿ

ಮಿರಜಕ್ಕೆ ಹೋಗುವ ರೈಲಿನಲ್ಲಿ ಕುಡಚಿ ದಾಟಿ ಉಗಾರದಲ್ಲಿ ಇಳಿದಾಗ ಮಧ್ಯಾಹ್ನ ಮೂರು ಗಂಟೆಯಾಗಿತ್ತು. ಕಾಲೇಜು ದಿನಗಳ ಗೆಳೆಯ ಮೋಟಾರ್ ಸೈಕಲ್ ತಂದು ಕಾದಿದ್ದ. "ಲಗೂ ಹತ್ತು, ಹೊತ್ತು ಮುಳುಗೂದ್ರಾಗ ಊಟ ಆಗಬೇಕು" ಎಂಬುದೇ ಅವನ ಸ್ವಾಗತ. ಕಾಗವಾಡ ತಾಲೂಕಿನ ಅವನ ಹಳ್ಳಿಯಲ್ಲಿ ಎತ್ತ ನೋಡಿದರೂ ಕಬ್ಬು, ನಡುವೆ ಬಸದಿಯ ಶಿಖರ. ಅವನದು ತಲೆಮಾರುಗಳಿಂದ ಒಕ್ಕಲುತನದ ಜೈನ ಮನೆತನ. ಪಡಸಾಲೆಯ ಗೋಡೆಯ ಮೇಲೆ 2019ರ ಮಹಾಪೂರದ ಗೆರೆ ಎದೆಯೆತ್ತರದಲ್ಲಿ ಇನ್ನೂ ಇದೆ. ಸುಣ್ಣ ಬಳಿಯುವಾಗ ಬೇಕೆಂದೇ ಬಿಟ್ಟಿದ್ದಾರೆ.

ನಾವು ಹೋದದ್ದು ಅವನ ತಾಯಿಯನ್ನು ಕಾಣಲು. ರಜೆಯಲ್ಲಿ ಬಂದಾಗಲೆಲ್ಲ ನಮಗೆ ರೊಟ್ಟಿ ಬಡಿದು ಹಾಕಿದ ಅವ್ವ ಅವರು. ತೊಂಬತ್ತು ದಾಟಿದ ಅವರು ಮುನಿಗಳ ಅನುಮತಿ ಪಡೆದು ಆಹಾರವನ್ನು ಒಂದೊಂದಾಗಿ ತ್ಯಜಿಸುತ್ತಿದ್ದರು. ಕಾಳುಕಡಿ ಬಿಟ್ಟು ತಿಂಗಳಾಗಿತ್ತು. ಹಾಲೂ ಹೋಗಿ, ಮಜ್ಜಿಗೆ ಮತ್ತು ಕಾಯಿಸಿದ ನೀರು ಮಾತ್ರ ಉಳಿದಿದ್ದವು.

ಈ ಸೀಮೆಗೆ ಸಲ್ಲೇಖನ ಹೊಸದಲ್ಲ. ಭೋಜದ ಮನೆತನದ ಆಚಾರ್ಯ ಶಾಂತಿಸಾಗರರು 1955ರಲ್ಲಿ ಕುಂಥಲಗಿರಿಯಲ್ಲಿ, ಸದಲಗಾದಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು 2024ರ ಫೆಬ್ರವರಿ 18ರಂದು ಡೊಂಗರಗಢದಲ್ಲಿ ಹೀಗೆಯೇ ದೇಹ ಬಿಟ್ಟರು. ನಿವಾರಿಸಲಾಗದ ವಿಪತ್ತು, ಬರಗಾಲ, ಮುಪ್ಪು, ರೋಗ ಒದಗಿದಾಗ ಮಾತ್ರ ಇದಕ್ಕೆ ಅವಕಾಶವೆಂದು ಸಮಂತಭದ್ರಾಚಾರ್ಯರ ಶ್ರಾವಕಾಚಾರ ಗ್ರಂಥ ಹೇಳುತ್ತದೆ. ಸಾವನ್ನು ಬಯಸುವುದೂ ಅಲ್ಲಿ ದೋಷವೇ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಇದನ್ನು ಅಪರಾಧವೆಂದಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು.

ಊಟಕ್ಕೆ ಕುಳಿತಾಗ ಗಂಟಲಲ್ಲಿ ತುತ್ತು ಇಳಿಯಲಿಲ್ಲ. ಅವ್ವನೋ ಪಕ್ಕದ ಕೋಣೆಯಿಂದಲೇ, ನಮಗೆ ಎರಡನೆಯ ರೊಟ್ಟಿ ಹಾಕಿದರೋ ಇಲ್ಲವೋ ಎಂದು ಸೊಸೆಯನ್ನು ವಿಚಾರಿಸುತ್ತಿದ್ದರು.

ಕೈ ತೊಳೆದ ಮೇಲೆ ಗೆಳೆಯ ಕೇಳಿದ: "ನಿಮ್ಮ ಧರ್ಮ ಇದಕ್ಕ ಏನಂತೈತಿ? ಖರೇ ಹೇಳು."

ಖರೆಯನ್ನೇ ಹೇಳಿದೆವು. ಜೀವಕ್ಕೆ ನಾವು ಒಡೆಯರಲ್ಲ, ದೇವರು ನೇಮಿಸಿದ ಪಾರುಪತ್ಯಗಾರರು ಮಾತ್ರ. ಸಾವು ಸಮೀಪಿಸಿದಾಗ ಹೊರಲಾಗದ ಚಿಕಿತ್ಸೆಯನ್ನು ನಿರಾಕರಿಸಬಹುದೆಂದು ನಮ್ಮ ಧರ್ಮಸಭೆ 1980ರ ಪ್ರಕಟಣೆಯಲ್ಲಿ ತಿಳಿಸಿದೆ. ದೇಹ ಅನ್ನವನ್ನು ಸ್ವೀಕರಿಸಲಾರದೆ ಹೋದಾಗ ಬಲವಂತವಿಲ್ಲ. ಆದರೆ ದಕ್ಕುವ ಅನ್ನವನ್ನು ಸಾವು ಬರಲೆಂದು ದೂರ ಮಾಡುವುದನ್ನು ನಾವು ಒಪ್ಪಲಾರೆವು. "ಅವ್ವ ಸಾವನ್ನ ಕರಿಯಾಕತ್ತಿಲ್ಲ, ಆಸೆ ಬಿಡಾಕತ್ತಾಳ" ಎಂದ ಗೆಳೆಯ. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದ ನಮಗೆ ಪ್ರತಿವಾದ ಹೊಳೆಯದಿರಲಿಲ್ಲ. ಅವನ ಮುಖ ನೋಡಿ ಸುಮ್ಮನಾದೆವು.

ಆ ರಾತ್ರಿ ಸಂತ ಫ್ರಾನ್ಸಿಸ್ ಝೇವಿಯರರ ನೆನಪಾಯಿತು. ಗೋವೆಯ ಹಬ್ಬಕ್ಕೆ ವರ್ಷವೂ ಹೋಗಿಬರುವ ನಮ್ಮ ಕುಟುಂಬಗಳಿಗೆ ಅವರ ಪಾರ್ಥಿವ ಶರೀರ ಗೊತ್ತು, ಅವರ ಗೆಳೆತನಗಳು ಅಷ್ಟಾಗಿ ತಿಳಿಯವು. 1549ರ ಆಗಸ್ಟ್ 15ರಂದು ಜಪಾನಿನ ಕಾಗೋಶಿಮಾದಲ್ಲಿ ಇಳಿದ ಅವರು ನಿನ್ಶಿತ್ಸು ಎಂಬ ಝೆನ್ ಮಠಾಧಿಪತಿಯ ಬಳಿ ಹೋಗಿಬರುತ್ತಿದ್ದರು. ಎಂಬತ್ತರ ಆಸುಪಾಸಿನ ಆ ವೃದ್ಧ, ಆತ್ಮವು ಅಮರವೋ ದೇಹದೊಡನೆ ಅಳಿಯುವುದೋ ಎಂದು ನಿರ್ಧರಿಸಲಾರದೆ ತೂಗಾಡುತ್ತಿದ್ದರು. ಇಷ್ಟಾಗಿಯೂ ಅವರು ತಮಗೆ ಅಚ್ಚರಿಯಾಗುವಷ್ಟು ಆಪ್ತರೆಂದು ಝೇವಿಯರರು ಅದೇ ನವೆಂಬರದಲ್ಲಿ ಗೋವೆಯ ಸಹೋದರರಿಗೆ ಬರೆದರು.

ಬೆಳಿಗ್ಗೆ ಹೊರಡುವಾಗ ಅವ್ವನ ಬಳಿ ಕುಳಿತೆವು.

"ನಿಮ್ಮ ದೇವರೂ ನಲವತ್ತು ದಿನಾ ಉಪಾಸ ಮಾಡಿದ್ನಂತಲ್ಲೋ?"

"ಹೌದವ್ವಾ."

"ಆಮ್ಯಾಲೆ?"

"ಹಸಿವಾಯ್ತು ಅಂತ ಬರದಾರ."

ಅವ್ವ ನಕ್ಕರು. "ಪಾಪ, ಸಣ್ಣ ವಯಸ್ಸು" ಎಂದು ನಮ್ಮ ತಲೆಯ ಮೇಲೆ ಕೈಯಿಟ್ಟರು.

ಹನ್ನೊಂದನೆಯ ದಿನ ಫೋನ್ ಬಂತು. ಮರುದಿನ ಬೆಳಗಿನ ಬಲಿಪೂಜೆಯಲ್ಲಿ ಅಗಲಿದವರಿಗಾಗಿ ಪ್ರಾರ್ಥಿಸುವಾಗ ಅವ್ವನ ಹೆಸರನ್ನೂ ಹೇಳಿದೆವು. ಪೂಜೆ ಮುಗಿದ ಮೇಲೆ ಹಿರಿಯ ಹೆಣ್ಣುಮಗಳೊಬ್ಬರು ಬಂದು, ಅವರು ಯಾವ ಧರ್ಮಕೇಂದ್ರದವರು ಎಂದು ಕೇಳಿದರು. ನಮ್ಮ ಗೆಳೆಯನ ತಾಯಿ ಎಂದೆವು.