ಓದದೆ ‘ವೈ’ ಒತ್ತಬೇಡ

ಮೊನ್ನೆ ಭಾನುವಾರ ಬೆಳಿಗ್ಗೆ ಏಳೂವರೆಗೆ ಅಪ್ಪನ ಫೋನು. ಬೇಸಿಗೆಯಲ್ಲಿ ಫ್ಲಶಿಂಗಿಗೂ ಊರಿಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ, ಹಾಗಾಗಿ ತೀರ್ಥಹಳ್ಳಿ ಹತ್ತಿರದ ನಮ್ಮನೆಯಲ್ಲಿ ಆಗ ಸಂಜೆ ಐದು. ನನ್ನದು ಇನ್ನೂ ಅರ್ಧ ನಿದ್ದೆ, ಕಾಫಿಯೂ ಆಗಿರಲಿಲ್ಲ.

"ಏನೋ, ಕಂಪ್ಯೂಟರಲ್ಲಿ ಅದೆಂಥದ್ದೋ ಕ್ಯಾಲೆಂಡರಿನ ಜ್ಞಾಪನೆ ಬಂದು ಬಂದು ಕೂತ್ಕೊಳ್ತದೆ. ಬರೆಯೋಕೇ ಬಿಡೋದಿಲ್ಲ. ತೆಗೆದುಹಾಕೋಕೆ ಏನು ಹೊಡೀಬೇಕು?"

ನಾನು ಜಾಸ್ತಿ ಯೋಚನೆ ಮಾಡಲಿಲ್ಲ. "ಕಪ್ಪು ಪರದೆ ತೆಗೀರಿ ಅಪ್ಪಾ, ಬರ್ಕೊಳ್ಳಿ" ಅಂದು ಒಂದು ಕಮಾಂಡ್ ಹೇಳಿಬಿಟ್ಟೆ. ಅಪ್ಪ ಅದನ್ನು ಹೊಡೆದು ಎಂಟರ್ ಒತ್ತಿದರು. ಆಮೇಲೆ ಅರ್ಧ ನಿಮಿಷ ಮಾತೇ ಇಲ್ಲ. ಆ ಅರ್ಧ ನಿಮಿಷದ ಬಗ್ಗೆಯೇ ಈ ಬರಹ. ಆದರೆ ಅದು ಅರ್ಥ ಆಗಬೇಕಾದರೆ ಸ್ವಲ್ಪ ಹಿಂದಿನ ಕಥೆ ಹೇಳಬೇಕು.

ಅಪ್ಪ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕೆಲವು ವರ್ಷಗಳಿಂದ ನಮ್ಮೂರಿನ ಕಥೆ ಬರೆಯುತ್ತಿದ್ದಾರೆ. 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ಯಾರ ಗದ್ದೆ ಯಾರಿಗೆ ಹೋಯ್ತು, ಯಾರು ಊರು ಬಿಟ್ಟರು, ಯಾರು ಮೊದಲ ಸಲ ತಮ್ಮದೇ ಗದ್ದೆಯಲ್ಲಿ ನಾಟಿ ಮಾಡಿದರು, ಹೀಗೆ. ಆ ಕಾಲದ ಹಿರಿಯರನ್ನು ಮಾತಾಡಿಸಿ ಬರೆದುಕೊಂಡದ್ದು. ಅವರಲ್ಲಿ ಅರ್ಧ ಜನ ಈಗ ಇಲ್ಲ. ಅಂದರೆ ಆ ಫೈಲುಗಳು ಹೋದರೆ ಮತ್ತೆ ಕೇಳಿ ಬರೆದುಕೊಳ್ಳೋಣ ಅಂದರೆ ಕೇಳಲು ಯಾರೂ ಇಲ್ಲ.

ಒಂದು ಸಲ ಹೋಗಿಯೂ ಇತ್ತು. ಅಪ್ಪನಿಗೆ ಪಿಡಿಎಫ್ ಮಾಡುವ ತಂತ್ರಾಂಶ ಬೇಕಿತ್ತು. ಇಂಟರ್ನೆಟ್ಟಿನಲ್ಲಿ ಹುಡುಕಿ, ಯಾವುದೋ ಪುಟದಲ್ಲಿದ್ದ ದೊಡ್ಡ ಹಸಿರು ‘ಡೌನ್‌ಲೋಡ್’ ಬಟನ್ ಒತ್ತಿದರು. ಕೇಳಿದ್ದು ಒಂದು, ಬಂದದ್ದು ನಾಲ್ಕು. ಬ್ರೌಸರ್ ತೆಗೆದರೆ ಬರೀ ಜಾಹೀರಾತು. ಪೇಟೆಯ ಒಂದು ಅಂಗಡಿಗೆ ಕೊಟ್ಟರು, ಅಲ್ಲಿಯ ಹುಡುಗ ‘ಫಾರ್ಮ್ಯಾಟ್ ಮಾಡಿ ಫ್ರೆಶ್ ಮಾಡಿಕೊಟ್ಟ’. ಫ್ರೆಶ್ ಅಂದರೆ ನಿಜಕ್ಕೂ ಫ್ರೆಶ್ಶೇ! ಪೆನ್‌ಡ್ರೈವಿಗೆ ಹಾಕಿಕೊಳ್ಳದೆ ಉಳಿದಿದ್ದ ನಲವತ್ತು ಪುಟ ಹೋಯ್ತು. ಅಪ್ಪ ನನಗದನ್ನು ಹೇಳಿದ್ದು ಎರಡು ತಿಂಗಳ ಮೇಲೆ.

ಆಮೇಲೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ ಮುಗಿಯಿತು. ಅಪ್ಪನ ಹಳೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಕೇಳುವ ಟಿಪಿಎಂ 2.0 ಇಲ್ಲ. ಡಿಸೆಂಬರಿನಲ್ಲಿ ಊರಿಗೆ ಹೋದಾಗ ಅದಕ್ಕೆ ಡೆಬಿಯನ್ 13 ಹಾಕಿದೆ. ಡೆಬಿಯನ್ ಅಂದರೆ 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ, ಇವತ್ತಿಗೂ ಸ್ವಯಂಸೇವಕರೇ ನಡೆಸುವ ಲಿನಕ್ಸ್. ಹಾಕಿದ ಮೇಲೆ ಅಪ್ಪನಿಗೆ ಒಂದೇ ನಿಯಮ ಹೇಳಿದೆ: ಏನೇ ಬೇಕಾದರೂ ಬಟನ್ ಹುಡುಕಬೇಡಿ, ಕಪ್ಪು ಪರದೆಯಲ್ಲಿ ಹೊಡೆದು ತರಿಸಿಕೊಳ್ಳಿ.

"ಅರವತ್ತು ದಾಟಿದವರಿಗೆ ಕಮಾಂಡ್ ಲೈನಾ? ತಲೆ ಕೆಟ್ಟಿದೆಯಾ?" ಅಂತ ಇಲ್ಲಿನ ಗೆಳೆಯರು ನಕ್ಕರು. ನೀವೂ ನಗುತ್ತಿರಬಹುದು :-) ಆದರೆ ಒಮ್ಮೆ ಯೋಚಿಸಿ. ಪರದೇಶದಲ್ಲಿ ಕೂತು ಅಪ್ಪ ಅಮ್ಮನ ಕಂಪ್ಯೂಟರ್ ರಿಪೇರಿ ಮಾಡಿದ ಯಾರಿಗಾದರೂ ಈ ಸಂಭಾಷಣೆ ಗೊತ್ತು. "ಮೇಲೆ ಬಲಗಡೆ ಮೂರು ಗೆರೆ ಇದೆಯಾ?" "ಇಲ್ಲ." "ನೀಲಿ ಬಣ್ಣದ್ದು?" "ಇಲ್ಲಿ ಎಲ್ಲಾ ನೀಲಿಯೇ ಇದೆ ಮಾರಾಯ." ಫೋನಿನಲ್ಲಿ ಚಿತ್ರ ಹೇಳಲು ಆಗಲ್ಲ, ಅಕ್ಷರ ಹೇಳಬಹುದು. "ಎಸ್ ಯು ಡಿ ಓ, ಜಾಗ ಬಿಡಿ, ಎ ಪಿ ಟಿ, ಜಾಗ ಬಿಡಿ..." ಅಷ್ಟೇ. ಅಪ್ಪ ಅದನ್ನು ಒಂದು ಉದ್ದದ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಂಡಿದ್ದಾರೆ, ಎದುರಿಗೆ ಅದರ ಅರ್ಥ. ಕೆಳಗಿನ ಕಮಾಂಡುಗಳನ್ನು ನಾನೂ ಆ ನೋಟ್‌ಬುಕ್ಕಿನ ಹಾಗೆಯೇ ಬರೆಯುತ್ತೇನೆ. ಹೊಡೆಯುವಾಗ ಇಂಗ್ಲಿಷ್ ಅಕ್ಷರದಲ್ಲಿ ಹೊಡೀರಿ.

ಸುಡೋ ಆಪ್ಟ್ ಅಪ್‌ಡೇಟ್: ಅಂಗಡಿಯ ಪಟ್ಟಿ ಹೊಸದು ತರಿಸು.
ಆಪ್ಟ್ ಸರ್ಚ್: ಇಂಥದ್ದು ಇದೆಯಾ ಅಂತ ಕೇಳು.
ಆಪ್ಟ್ ಶೋ: ಅದು ಏನು, ಎಷ್ಟು ದೊಡ್ಡದು ಅಂತ ನೋಡು.
ಸುಡೋ ಆಪ್ಟ್ ಇನ್‌ಸ್ಟಾಲ್: ತಂದು ಹಾಕು.
ಸುಡೋ ಆಪ್ಟ್ ಅಪ್‌ಗ್ರೇಡ್: ಇರುವುದನ್ನೆಲ್ಲ ಹೊಸದು ಮಾಡು.
ಸುಡೋ ಆಪ್ಟ್ ರಿಮೂವ್: ತೆಗೆ.

‘ಅಂಗಡಿ’ ಅಂದೆನಲ್ಲ, ಅದನ್ನು ಅಪ್ಪನಿಗೆ ನಮ್ಮ ಫ್ಲಶಿಂಗ್ ದೇವಸ್ಥಾನದ ಕ್ಯಾಂಟೀನ್ ಉದಾಹರಣೆ ಕೊಟ್ಟು ವಿವರಿಸಿದ್ದೆ. ಇಲ್ಲಿ ಬೌನ್ ಸ್ಟ್ರೀಟಿನಲ್ಲಿ 1977ರಲ್ಲಿ ಪ್ರತಿಷ್ಠೆಯಾದ ಗಣಪತಿ ದೇವಸ್ಥಾನ ಇದೆ. 2022ರಲ್ಲಿ ಆ ರಸ್ತೆಗೆ ಗಣೇಶ್ ಟೆಂಪಲ್ ಸ್ಟ್ರೀಟ್ ಅಂತ ಇನ್ನೊಂದು ಹೆಸರೂ ಬಂತು. ಕೆಳಗೆ ನೆಲಮಾಳಿಗೆಯಲ್ಲಿ ಕ್ಯಾಂಟೀನು. 7ನೇ ನಂಬರ್ ರೈಲಿನ ಕೊನೇ ಸ್ಟಾಪಿನಲ್ಲಿಳಿದು ದೋಸೆಗೋಸ್ಕರವೇ ನಡೆದು ಬರುವವರಿದ್ದಾರೆ. ಅಲ್ಲಿ ನೀವು ಮಸಾಲೆ ದೋಸೆ ಅಂದರೆ ಸಾಕು. ಪಲ್ಯ, ಚಟ್ನಿ, ಸಾಂಬಾರ್ ನೀವು ಹೇಳದೆಯೇ ಜೊತೆಗೆ ಬರುತ್ತೆ. ಪ್ಯಾಕೇಜೂ ಹಾಗೆಯೇ. ಒಂದು ತಂತ್ರಾಂಶ ಕೇಳಿದರೆ ಅದಕ್ಕೆ ಬೇಕಾದ ಉಳಿದ ತುಣುಕುಗಳನ್ನು ಆಪ್ಟ್ ತಾನೇ ಲೆಕ್ಕ ಹಾಕಿ ತರುತ್ತದೆ. ಇವಕ್ಕೆ ಡಿಪೆಂಡೆನ್ಸಿ ಅನ್ನುತ್ತಾರೆ. ಮತ್ತೆ ಅಡಿಗೆ ಯಾವ ಮನೆಯದ್ದು ಅನ್ನುವ ಖಾತ್ರಿಯೂ ಇರುತ್ತೆ. ಡೆಬಿಯನ್ನಿನ ಪ್ಯಾಕೇಜು ಪಟ್ಟಿಗೆ ಡಿಜಿಟಲ್ ಸಹಿ ಇರುತ್ತದೆ, ಸಹಿ ತಾಳೆಯಾಗದಿದ್ದರೆ ಆಪ್ಟ್ ತಕರಾರು ತೆಗೆಯುತ್ತದೆ. ಹಸಿರು ಬಟನ್ನಿನ ಹಿಂದೆ ಯಾರಿದ್ದಾರೋ ಯಾರಿಗೆ ಗೊತ್ತು?

ಕನ್ನಡದ ಮಟ್ಟಿಗೆ ಈ ಅಂಗಡಿಯಲ್ಲಿ ಏನಿದೆ ಅಂತ ನೀವು ಕೇಳೇ ಕೇಳ್ತೀರಿ. ನನಗೂ ಆಶ್ಚರ್ಯವಾಗುವಷ್ಟು ಇದೆ. ಫಾಂಟ್ಸ್-ಗುಬ್ಬಿ, ಫಾಂಟ್ಸ್-ನವಿಲು ಅನ್ನುವ ಎರಡು ಪ್ಯಾಕೇಜುಗಳಲ್ಲಿ ಅರವಿಂದ ವಿ.ಕೆ. ಅವರ ಗುಬ್ಬಿ, ನವಿಲು ಅಕ್ಷರಶೈಲಿಗಳು ಸಿಗುತ್ತವೆ. ಐಬಸ್-ಎಂ17ಎನ್ ಹಾಕಿಕೊಂಡರೆ ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡ ಕೆಜಿಪಿ ಬರುತ್ತದೆ. ಅದು ಕೆ.ಪಿ. ರಾವ್ ಅವರ ವಿನ್ಯಾಸ, ನುಡಿಯಲ್ಲಿ ಬೆರಳು ಪಳಗಿದವರಿಗೆ ಹೊಸದಾಗಿ ಏನೂ ಕಲಿಯಬೇಕಿಲ್ಲ. ಅಪ್ಪ ಮೊದಲ ದಿನವೇ ಸಲೀಸಾಗಿ ಹೊಡೆದರು. ಲಿಬ್ರೆಆಫೀಸಿನ ಮೆನುಗಳಿಗೆ ಕನ್ನಡ ಬೇಕೆಂದರೆ ಲಿಬ್ರೆಆಫೀಸ್-ಎಲ್10ಎನ್-ಕೆಎನ್. ಹಳೇ ಪುಸ್ತಕದ ಪುಟ ಸ್ಕ್ಯಾನ್ ಮಾಡಿ ಅಕ್ಷರ ಹೊರತೆಗೆಯಲು ಟೆಸರಾಕ್ಟ್-ಓಸಿಆರ್-ಕೆಎಎನ್. ಅಪ್ಪನ ಹಳೇ ಫೈಲುಗಳು ಯೂನಿಕೋಡಿಗಿಂತ ಹಿಂದಿನ ನುಡಿ ಫಾಂಟಿನವು, ಹೊಸ ಯಂತ್ರದಲ್ಲಿ ತೆಗೆದರೆ ಬರೀ ಇಂಗ್ಲಿಷ್ ಕಲಸುಮೇಲೋಗರ. ಅದನ್ನು ಯೂನಿಕೋಡಿಗೆ ಬದಲಿಸಲು ಅರವಿಂದರೇ ಬರೆದ ಪರಿವರ್ತಕ ಸಹಾಯಕ್ಕೆ ಬಂತು. ನಲವತ್ತು ಪುಟ ಹೋದರೂ ಮಿಕ್ಕಿದ್ದೆಲ್ಲ ಈಗ ಓದಲು ಬರುತ್ತೆ.

ಇಷ್ಟಾದ ಮೇಲೆ ಆ ಭಾನುವಾರಕ್ಕೆ ಬರ್ತೀನಿ.

ನಾನು ಅಪ್ಪನಿಗೆ ಹೇಳಿದ ಕಮಾಂಡ್ ಇದು: ಸುಡೋ ಆಪ್ಟ್ ರಿಮೂವ್ ಎವಲ್ಯೂಷನ್-ಡೇಟಾ-ಸರ್ವರ್. ಕ್ಯಾಲೆಂಡರು, ವಿಳಾಸ ಪುಸ್ತಕ ಇವನ್ನು ಹಿಂದೆ ನಿಂತು ನೋಡಿಕೊಳ್ಳುವುದು ಅದೇ. ಅಪ್ಪ ಎರಡನ್ನೂ ಬಳಸಲ್ಲ, ಹೋದರೆ ಹೋಗಲಿ ಅನ್ನೋದು ನನ್ನ ಲೆಕ್ಕ. ಹೇಳಿ ಕಾಫಿಗೆ ಹಾಲಿಡಲು ಎದ್ದೆ.

ಅರ್ಧ ನಿಮಿಷದ ಮೇಲೆ ಅಪ್ಪ ಹೇಳಿದರು, "ಇಲ್ಲಿ ಕೆಂಪು ಅಕ್ಷರದಲ್ಲಿ ಒಂದಿಷ್ಟು ಬಂದಿದೆ. ಮೇಲೆ ‘ರಿಮೂವಿಂಗ್’ ಅಂತಿದೆ. ಓದ್ಲಾ?"

"ಅದೆಲ್ಲಾ ಬೇಡಪ್ಪಾ, ವೈ ಒತ್ತಿ ಎಂಟರ್ ಹೊಡೀರಿ."

"ತಡಿಯೋ. ನೀನು ಒಂದು ಹೆಸರು ಹೇಳಿದ್ದೆ, ಇಲ್ಲಿ ಒಂದು ಸಾಲೇ ಇದೆ. ಜಿ ಎನ್ ಓ ಎಂ ಇ, ಗೆರೆ, ಶೆಲ್. ಗ್ನೋಮ್ ಅಂದ್ರೆ ಈ ಕಿಟಕಿ, ಮೆನು ಎಲ್ಲಾ ಅದೇ ಅಂತ ನೀನೇ ಹೇಳಿದ್ಯಲ್ಲ, ನಾನು ಬರ್ಕೊಂಡಿದೀನಿ. ಅದನ್ನೂ ತೆಗೀತಾರಂತೆ. ತೆಗೀಬೇಕಾ?"

ಹಾಲಿನ ಪಾತ್ರೆ ಹಾಗೇ ಬಿಟ್ಟು ಓಡಿಬಂದೆ. "ಬೇಡ! ಎನ್ ಒತ್ತಿ. ಎನ್!"

ಆದದ್ದೇನೆಂದರೆ, ಗ್ನೋಮ್ ಶೆಲ್ಲಿಗೆ, ಅಂದರೆ ಅಪ್ಪನ ಇಡೀ ಡೆಸ್ಕ್‌ಟಾಪಿಗೆ, ಆ ಎವಲ್ಯೂಷನ್-ಡೇಟಾ-ಸರ್ವರ್ ಬೇಕೇ ಬೇಕು. ಅದು ಚಟ್ನಿಯಲ್ಲ, ದೋಸೆಯ ಹಿಟ್ಟು. ಹಿಟ್ಟು ಬೇಡ ಅಂದರೆ ದೋಸೆಯೂ ಇಲ್ಲ. ಆಪ್ಟ್ ಮೋಸ ಮಾಡಿರಲಿಲ್ಲ, ಕೆಂಪು ಅಕ್ಷರದಲ್ಲಿ ಬರೆದು ತೋರಿಸಿ ‘ಮುಂದುವರಿಯಲೇ?’ ಅಂತ ಕೇಳಿತ್ತು. ಓದಬೇಡಿ ಅಂದವನು ನಾನು, ಇಂಜಿನಿಯರಿಂಗ್ ಡಿಗ್ರಿ ಇಟ್ಟುಕೊಂಡ ಮಹಾಶಯ.

ವೈ ಒತ್ತಿದ್ದರೆ ಅಪ್ಪನ ಫೈಲುಗಳೇನೂ ಅಳಿಸಿಹೋಗುತ್ತಿರಲಿಲ್ಲ. ಅವು ಹೋಮ್ ಫೋಲ್ಡರಿನಲ್ಲಿ ಭದ್ರ. ಆದರೆ ಮುಂದಿನ ಸಲ ಯಂತ್ರ ಹಾಕಿದಾಗ ಕಪ್ಪು ಪರದೆ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ನಾನು ಆಫೀಸಿನಲ್ಲೋ ನಿದ್ದೆಯಲ್ಲೋ ಇರುತ್ತಿದ್ದೆ. ಅಪ್ಪ ಕಾದು ಕಾದು ಮತ್ತೆ ಪೇಟೆಗೆ ಹೊರುತ್ತಿದ್ದರು. ಮತ್ತೆ ‘ಫ್ರೆಶ್’. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ.

ನನ್ನೊಬ್ಬನಿಗೇ ಆದದ್ದಲ್ಲ ಇದು. 2021ರಲ್ಲಿ ಯೂಟ್ಯೂಬಿನ ಹೆಸರಾಂತ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್‌ನಲ್ಲಿ ಸ್ಟೀಮ್ ಹಾಕಲು ಹೋಗಿ, ಎಚ್ಚರಿಕೆ ಬಂದರೂ ‘ಹೌದು, ನಾನು ಹೇಳಿದಂತೆ ಮಾಡು’ ಎಂಬರ್ಥದ ವಾಕ್ಯವನ್ನು ಪೂರ್ತಿ ಟೈಪ್ ಮಾಡಿ ಡೆಸ್ಕ್‌ಟಾಪನ್ನೇ ಕಳೆದುಕೊಂಡಿದ್ದರು. ಲಕ್ಷಾಂತರ ಜನ ನೋಡಿ ನಕ್ಕರು. ನಾನೂ ನಕ್ಕಿದ್ದೆ.

ಕೊನೆಗೆ ಆ ಜ್ಞಾಪನೆಯ ಕಾಟ ಸೆಟ್ಟಿಂಗಿನಲ್ಲಿ ಅದರ ನೋಟಿಫಿಕೇಶನ್ ಆರಿಸಿದ ಮೇಲೆ ನಿಂತಿತು. ಯಾವುದನ್ನೂ ತೆಗೆಯುವ ಅಗತ್ಯವೇ ಇರಲಿಲ್ಲ.

"ಅಪ್ಪಾ, ನಿಮಗೆ ಅದನ್ನು ಓದಬೇಕು ಅಂತ ಹೇಗೆ ಅನ್ನಿಸ್ತು?" ಅಂತ ಕೇಳಿದೆ. ಅಪ್ಪ ನಕ್ಕರು. "ಅಲ್ವೋ, ಮೂವತ್ತು ವರ್ಷ ರಿಜಿಸ್ಟ್ರಿ ಆಫೀಸಲ್ಲಿ ಕೂತಿದ್ದೆ. ಓದದೆ ಹೆಬ್ಬೆಟ್ಟು ಒತ್ತಿ ಗದ್ದೆ ಕಳ್ಕೊಂಡವರನ್ನು ಎಷ್ಟು ಜನರನ್ನ ನೋಡಿಲ್ಲ? ಅವರ ಕಥೆಯನ್ನೇ ಅಲ್ವಾ ನಾನು ಬರೀತಿರೋದು?"

ನಾನು ಸುಮ್ಮನಾದೆ. ಸ್ಟೌವ್ ಮೇಲೆ ಹಾಲು ಉಕ್ಕಿ ಹೋಗಿತ್ತು.

"ನೀನೇ ಅಲ್ಲಿಂದ ಎಸ್‌ಎಸ್‌ಎಚ್ ಮಾಡಿ ಎಲ್ಲಾ ನೋಡಿಕೊಳ್ಳಬಹುದಲ್ಲ?" ಅಂತ ಗೆಳೆಯನೊಬ್ಬ ಕೇಳಿದ. ಮಾಡಬಹುದು. ಅಪ್ಪ ಒಪ್ಪಲ್ಲ. "ಮನೆ ಬೀಗದ ಕೈ ಒಂದು ನಿನ್ನ ಹತ್ರ ಇರಲಿ. ಆದ್ರೆ ನಾನು ಮನೇಲಿರೋವಾಗ ಬಾಗಿಲು ನಾನೇ ತೆಗೀತೀನಿ" ಅಂತಾರೆ. ಆ ಭಾನುವಾರದ ನಂತರ ನನಗೂ ಅದೇ ಸರಿ ಅನ್ನಿಸುತ್ತಿದೆ. ನಾನೇ ಕೂತು ಹೊಡೆದಿದ್ದರೆ ಖಂಡಿತ ವೈ ಒತ್ತಿರುತ್ತಿದ್ದೆ.

ಈಗ ಅಪ್ಪನ ನೋಟ್‌ಬುಕ್ಕಿನಲ್ಲಿ ಇನ್ನೂ ಮೂರು ಸಾಲು ಸೇರಿವೆ. ನಿಮಗೂ ಬೇಕಾಗಬಹುದು.

ಒಂದು, ಹಾಕುವ, ತೆಗೆಯುವ ಆಪ್ಟ್ ಕಮಾಂಡಿಗೆ ‘ಅಡ್ಡಗೆರೆ ಎಸ್’ ಸೇರಿಸಿದರೆ ಅದು ಏನು ಮಾಡುತ್ತೇನೆ ಅಂತ ಹೇಳುತ್ತದೆ, ಆದರೆ ಮಾಡಲ್ಲ. ತೆಗೆಯುವ ಮುಂಚೆ ಇದನ್ನೇ ಹೊಡೆಯಬೇಕು.

ಎರಡು, ಹಾಕಿದ್ದು, ತೆಗೆದದ್ದು ಎಲ್ಲದಕ್ಕೂ ವಾರ್, ಲಾಗ್, ಆಪ್ಟ್ ಫೋಲ್ಡರುಗಳ ಒಳಗೆ ಹಿಸ್ಟರಿ.ಲಾಗ್ ಅನ್ನುವ ಫೈಲಿನಲ್ಲಿ ತಾರೀಕಿನ ಸಮೇತ ದಾಖಲೆ ಇರುತ್ತೆ. ಅಪ್ಪನಿಗೆ ಇದು ಬಹಳ ಇಷ್ಟವಾಯ್ತು. "ಇದು ನಮ್ಮ ಇಂಡೆಕ್ಸ್ ಪುಸ್ತಕ ಇದ್ದಂಗಿದೆ" ಅಂದರು.

ಮೂರು, ಆಪ್ಟ್-ಮಾರ್ಕ್ ಶೋಮ್ಯಾನ್ಯುಯಲ್. ನಾವಾಗಿ ಕೇಳಿ ಹಾಕಿಕೊಂಡದ್ದರ ಪಟ್ಟಿ ಕೊಡುತ್ತೆ. ಅದನ್ನು ಅಪ್ಪನ ಬರಹಗಳ ಜೊತೆ ಪೆನ್‌ಡ್ರೈವಿನಲ್ಲಿ ಇಟ್ಟಿದ್ದೇವೆ. ನಾಳೆ ಲ್ಯಾಪ್‌ಟಾಪೇ ಕೆಟ್ಟರೂ, ಇನ್ನೊಂದು ಯಂತ್ರದಲ್ಲಿ ಆ ಪಟ್ಟಿ ನೋಡಿಕೊಂಡು ಒಂದು ಸಂಜೆಯಲ್ಲಿ ಎಲ್ಲವನ್ನೂ ವಾಪಸ್ ನಿಲ್ಲಿಸಬಹುದು.

ನೀವು ಲಿನಕ್ಸಿನವರಲ್ಲದಿದ್ದರೂ ಇದು ನಿಮಗೂ ಉಂಟು. ವಿಂಡೋಸಿನಲ್ಲಿ 2020ರಿಂದ ವಿನ್‌ಗೆಟ್ ಇದೆ, ಮ್ಯಾಕಿನವರಿಗೆ 2009ರಿಂದ ಹೋಮ್‌ಬ್ರೂ ಇದೆ. ಹೆಸರು ಬೇರೆ, ಪದ್ಧತಿ ಒಂದೇ: ಹೆಸರು ಹೇಳಿ ಕೇಳು, ಏನು ಬರುತ್ತೆ ಏನು ಹೋಗುತ್ತೆ ಅಂತ ಓದು, ಆಮೇಲೆ ಒಪ್ಪು. ಮತ್ತೆ ಯಾವುದೋ ಪುಟದಲ್ಲಿ ಸಿಕ್ಕಿದ ಉದ್ದನೆಯ ಕಮಾಂಡನ್ನು ಅರ್ಥವಾಗದೆ ಕಾಪಿ ಮಾಡಿ ಅಂಟಿಸಬೇಡಿ. ಅದೂ ಹಸಿರು ಬಟನ್ನೇ, ಬಣ್ಣ ಕಪ್ಪು ಅಷ್ಟೇ.

ಅಪ್ಪನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈಗ ಕೆಂಪು ಇಂಕಿನಲ್ಲಿ ಒಂದು ಸಾಲಿದೆಯಂತೆ, ವಿಡಿಯೋ ಕಾಲಿನಲ್ಲಿ ತೋರಿಸಿದರು: ‘ಓದದೆ ವೈ ಒತ್ತಬಾರದು. ಮಗ ಹೇಳಿದರೂ ಸಹ.’

ಹೋದ ವಾರ ಕಥೆಯ ಹದಿನಾಲ್ಕನೇ ಅಧ್ಯಾಯ ಕಳಿಸಿದ್ದಾರೆ. ಗುಬ್ಬಿ ಫಾಂಟಿನಲ್ಲಿ ಓದುತ್ತಾ ಇದ್ದೇನೆ.